ಇಫ್ ಎಂಬ ಹರಕೆ

ಮೆಣಸಿನಕಾಯಿ ಬಜ್ಜಿ ಎಣ್ಣೆಗೆ ಬಿದ್ದ ವಾಸನೆ ಬಂದರೆ ದಾವಣಗೆರೆಯ ಬೇರೆಲ್ಲರಿಗೆ ಬಾಯಲ್ಲಿ ನೀರು ಬರುತ್ತದೆ. ನನಗೆ ಇಂಗ್ಲಿಷ್ ಬರುತ್ತದೆ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಈಗಲೂ ನೋಡಿ, ದೇವರಾಜ ಅರಸು ಬಡಾವಣೆಯ ನಮ್ಮ ರಸ್ತೆಯ ತುದಿಯಲ್ಲಿ ಗಾಡಿಯವನು ಬಾಣಲೆ ಇಟ್ಟಿದ್ದಾನೆ. ನಾನು ಅಂಗಳದ ಒರಳುಕಲ್ಲಿನ ಮೇಲೆ ಮಣೆ ಹಾಕಿಕೊಂಡು, ಕೈಯಲ್ಲಿ ಫೋನು ಹಿಡಿದು, ‘ಇಫ್ ದಿ ಬಸ್ ಈಸ್ ಲೇಟ್, ಐ ವಿಲ್ ವರಿ’ ಎಂದು ಗೊಣಗುತ್ತ ಕೂತಿದ್ದೇನೆ. ದಾರಿಯಲ್ಲಿ ಹೋಗುವವರು ನೋಡಿದರೆ ಏನಂದುಕೊಂಡಾರು. ಅಂದುಕೊಳ್ಳಲಿ ಬಿಡಿ.

ಬಸ್ಸಿನಲ್ಲಿರುವವಳು ನಮ್ಮ ಶಾಂತಕ್ಕ. ಹರಿಹರದವಳು, ನನಗಿಂತ ದೊಡ್ಡವಳು, ನನ್ನ ಜಡೆ ಹಾಕಿ ಶಾಲೆಗೆ ಕಳಿಸಿದವಳು. ಬೆಳಿಗ್ಗೆ ಆಟೋದಲ್ಲಿ ಬಂದಿಳಿದಳು. ಆಟೋದವನು ಏದುಸಿರು ಬಿಡುತ್ತ ಒಂದು ಚೀಲ ತಂದು ಬಾಗಿಲ ಹಿಂದೆ ಇಟ್ಟು ಹೋದ. ಏನೇ ಅದು ಎಂದರೆ, “ಆಮ್ಯಾಲೆ ನೋಡೀಯಂತೆ, ಮೊದ್ಲು ಚಾ ಮಾಡು” ಅಂದಳು. ಅಕ್ಕಿಯಿರಬೇಕು. ನಮ್ಮೂರಲ್ಲಿ ಅಕ್ಕಿಯೇ ಸಿಗುವುದಿಲ್ಲ ಎಂದು ಅವಳ ನಂಬಿಕೆ. ಊಟ ಮಾಡಿ, ತನ್ನ ಸೊಸೆಯ ಮೇಲೆ ಹೇಳಬೇಕಾದ್ದನ್ನೆಲ್ಲ ಹೇಳಿ, ಸಂಜೆಯ ಬಸ್ಸು ಹತ್ತಿದಳು. ಮನೆ ಮುಟ್ಟಿದ ಮೇಲೆ ಒಂದು ಮಿಸ್ ಕಾಲ್ ಕೊಡುತ್ತಾಳೆ. ಅದು ಬರುವ ತನಕ ನಾನು ಏಳುವಂತಿಲ್ಲ.

ಈ ಮಿಸ್ ಕಾಲಿಗೂ ಇಂಗ್ಲಿಷಿಗೂ ಬಜ್ಜಿಗೂ ಏನು ಸಂಬಂಧ ಎಂದು ಕೇಳುತ್ತೀರಿ. ಬಸ್ಸು ಹರಿಹರ ಮುಟ್ಟುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ.

ವರ್ಷಗಳ ಹಿಂದೆ ನಾನು ಬ್ಲೌಸ್ ಪೀಸು, ಫಾಲು, ಲೈನಿಂಗ್ ಮಾರುವ ಒಂದು ಮ್ಯಾಚಿಂಗ್ ಸೆಂಟರ್ ನಡೆಸುತ್ತಿದ್ದೆ. ಎಲ್ಲೆಲ್ಲಿಂದಲೋ ಓದಲು ಬಂದ ಹುಡುಗಿಯರು ಅಂಗಡಿಗೆ ಬಂದು ಇಂಗ್ಲಿಷಿನಲ್ಲಿ ಕೇಳುವರು. ನನ್ನ ಬಳಿ ಇದ್ದದ್ದು ಎರಡೇ ಉತ್ತರ: ‘ಎಸ್’ ಮತ್ತು ‘ನೋ ಸ್ಟಾಕ್’. ಬಣ್ಣ ಹೋಗುತ್ತದೆಯೇ ಎಂದು ಕೇಳಿದವಳಿಗೆ ನಗುನಗುತ್ತ ಎಸ್ ಎಂದು ಗಿರಾಕಿಯನ್ನು ಕಳೆದುಕೊಂಡ ದಿನ, ಇನ್ನು ಕಲಿಯದೆ ಗತಿಯಿಲ್ಲ ಅನ್ನಿಸಿತು. ನಿಟ್ಟುವಳ್ಳಿಯಲ್ಲಿ ಬಜ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿ ಹಾಲೇಶಪ್ಪ ಮಾಸ್ಟರು ಇಂಗ್ಲಿಷ್ ಮಾತಾಡಲು ಕಲಿಸುತ್ತಿದ್ದರು. ಮಧ್ಯಾಹ್ನ ಗಿರಾಕಿ ಕಡಿಮೆ. ಹೋಗಿ ಸೇರಿಕೊಂಡೆ.

ಮಾಸ್ಟರು ಹೈಸ್ಕೂಲಿನಲ್ಲಿ ಪಾಠ ಹೇಳಿದವರಲ್ಲ, ಆಟ ಆಡಿಸಿದವರು. ನಿವೃತ್ತರಾದ ಮೇಲೂ ಕೊರಳಲ್ಲಿ ಸೀಟಿ ಇತ್ತು. ತಪ್ಪು ಹೇಳಿದರೆ ಸೀಟಿ ಹೊಡೆಯುವುದಿಲ್ಲ, ಸುಮ್ಮನೆ ಕೂತರೆ ಹೊಡೆಯುತ್ತಾರೆ. “ಬಾಲ್ ಕೈಯಾಗೆ ಹಿಡಕಂಡು ನಿಂತ್ರೆ ಹೆಂಗ್ರಿ? ಎಸೀರಿ, ಎಲ್ಲಿಗಾದ್ರೂ ಬೀಳ್ಲಿ” ಎನ್ನುವುದು ಅವರ ವಿಧಾನ. ಇಡೀ ತರಗತಿಯಲ್ಲಿ ಬಾಯಿ ಬಿಡುತ್ತಿದ್ದವರು ನಾವು ಮೂವರು. ಒಬ್ಬಳು ನಾನು. ಇನ್ನೊಬ್ಬರು ಮಲೆಬೆನ್ನೂರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಗದ್ದೆ ಮಾಡುವ ರುದ್ರಪ್ಪನವರು. ಯಾಕೆ ಕಲಿಯುತ್ತೀರಿ ಎಂದರೆ, “ಟಿವಿ ಒಳಗೆ ಇಂಗ್ಲೀಷಿನೋರು ಎಮ್ಮಿ ಬಗ್ಗೆ ಏನೋ ಹೇಳ್ತಾರ್ರಿ, ತಿಳಿಯಂಗಿಲ್ಲ” ಎನ್ನುವರು. ಮೂರನೆಯವರು ದಾದಾಪೀರ್. ಹರಿಹರದಲ್ಲಿ ಹತ್ತಿ ತುಂಬಿ ಗಾದಿ ಹೊಲಿಯುವ ಅಂಗಡಿ ಅವರದು.

ಒಂದು ದಿನ ಮಾಸ್ಟರು ಹಲಗೆಯ ಮೇಲೆ ‘ಇಫ್’ ಎಂದು ದೊಡ್ಡದಾಗಿ ಬರೆದು, ಹೀಗಾದರೆ ಹಾಗೆ ಮಾಡುತ್ತೇನೆ ಎನ್ನುವಂಥ ಒಂದೊಂದು ವಾಕ್ಯ ಹೇಳಿ ಎಂದರು. ಹೀಗಾದರೆ ಹಾಗೆ ಮಾಡುತ್ತೇನೆ ಎಂದು ನಮ್ಮ ಸೀಮೆಯ ಜನ ಎಲ್ಲಿ ಹೇಳುತ್ತಾರೆ? ದೇವರ ಮುಂದೆ, ಇಲ್ಲವೇ ದರ್ಗಾದಲ್ಲಿ. ರುದ್ರಪ್ಪನವರು ಎದ್ದು ನಿಂತು, ಅಭ್ಯಾಸಬಲದಿಂದ ಕಣ್ಣು ಮುಚ್ಚಿ, ಕೈ ಮುಗಿದು, “ಇಫ್ ಮೈ ಎಮ್ಮಿ ಗಿವ್ಸ್ ಫೀಮೇಲ್ ಕಾಫ್, ಐ ವಿಲ್ ಶೇವ್ ಮೈ ಹೆಡ್” ಅಂದರು. ಮಾಸ್ಟರು ಭೇಷ್ ಅಂದರು. ಅಲ್ಲಿಗೆ ಮುಗಿಯಬೇಕಿತ್ತು.

ಎಮ್ಮೆ ಹೆಣ್ಣುಗರು ಹಾಕಿತು. ಮುಂದಿನ ಪಾಠಕ್ಕೆ ರುದ್ರಪ್ಪನವರು ನುಣ್ಣಗೆ ತಲೆ ಬೋಳಿಸಿಕೊಂಡು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಮೆಟ್ಟಿಲು ಹತ್ತಿ ಬಂದರು.

“ಯಾವ ದೇವ್ರಿಗೆ ಕೊಟ್ರಿ ಮುಡಿ?” ಎಂದು ಮಾಸ್ಟರು ಕೇಳಿದರು.

“ಯಾವ ದೇವ್ರಿಗೆ ಅಂದ್ರೆ? ಇಲ್ಲೇ ಹೇಳಿದ್ನಲ್ರಿ ಸರ್, ನಿಮ್ಮ ಮುಂದೆ.”

“ಅದು ಅಭ್ಯಾಸಕ್ಕೆ ಹೇಳಿದ್ದಲ್ರೀ.”

“ನಾಕು ಮಂದಿ ಮುಂದೆ ಕೈ ಮುಗುದು ಹೇಳಿದ್ಮ್ಯಾಲೆ ಮುಗೀತ್ರಿ. ಕನ್ನಡದಾಗೆ ಹೇಳಿದ್ರೇನು, ಇಂಗ್ಲೀಷಿನಾಗೆ ಹೇಳಿದ್ರೇನು. ಎಮ್ಮಿ ಕೇಳಿಸ್ಕಂಡೈತೆ.”

ಕರಿಹಲಗೆಯ ಮುಂದೆ ಕಾಯಿ ಒಡೆದರು. ಬೇಡ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಕಾಯಿಚೂರು ತಿಂದುಕೊಂಡೇ ಆವತ್ತು ಪಾಠ ಕಲಿತೆವು.

ಅಂದಿನಿಂದ ನಮ್ಮ ತರಗತಿಗೆ ಒಂದು ಥರ ಭಯ ಹತ್ತಿತು. ವಾಕ್ಯ ಹೇಳುವ ಮೊದಲು ಜನ ಹತ್ತು ಸಲ ಯೋಚಿಸುವರು. ದಾದಾಪೀರ್ ಜಾಣರು, ‘ಪ್ರೊವೈಡೆಡ್’ ಎಂಬ ಪದದ ದಿನ ಎಂದೂ ಆಗದ ಷರತ್ತನ್ನೇ ಆರಿಸಿಕೊಂಡರು: ಅಂಗಡಿ ಮುಂದಿನ ಚರಂಡಿಗೆ ಚಪ್ಪಡಿ ಹಾಕಿದರೆ ತರಗತಿಗೆಲ್ಲ ಒಂದೊಂದು ದಿಂಬು ಕೊಡುತ್ತೇನೆ. ಅದೆಲ್ಲಿ ಕಾದಿತ್ತೋ, ಆ ತಿಂಗಳೇ ಚಪ್ಪಡಿ ಬಂದು ಬಿತ್ತು. ದಾದಾಪೀರ್ ಗೊಣಗಲಿಲ್ಲ. ಎಲ್ಲರಿಗೂ ದಿಂಬು ಹೊಲಿದು ತಂದರು. ಆಮೇಲೆ ಒಂದು ವಾರ ಮಾಸ್ಟರು ದಿಂಬಿಗೆ ಒರಗಿ ಪಾಠ ಮಾಡುತ್ತ ಮಾಡುತ್ತ ನಿದ್ದೆ ಹೋಗುವರು, ನಾವೇ ಅವರ ಸೀಟಿ ತೆಗೆದು ಊದಿ ಎಬ್ಬಿಸಬೇಕಾಗುತ್ತಿತ್ತು. ಪದಸಂಪತ್ತು ಬೆಳೆದದ್ದೂ ಹರಕೆಯ ಅಳತೆಗೇ. ರುದ್ರಪ್ಪನವರಿಗೆ ಕರು, ಕ್ಷೌರ, ಕೆಚ್ಚಲು ಎಂಬವುಗಳ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ‘ಗುಡ್ ಮಾರ್ನಿಂಗ್’ ಮಾತ್ರ ಕೊನೆಯವರೆಗೂ ಬಾಯಿಗೆ ಬರಲಿಲ್ಲ.

ಆಮೇಲೆ ‘ಅನ್‌ಲೆಸ್’ ಬಂತು. ನನ್ನ ಗ್ರಹಚಾರವೂ ಬಂತು.

ಇಲ್ಲಿ ಒಂದು ಸಂಗತಿ ಹೇಳಬೇಕು. ಆ ಹೊತ್ತಿಗೆ ನಾನೂ ಅಕ್ಕನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಅವ್ವ ಹೋದ ಮೇಲೆ ಅವಳ ಒರಳುಕಲ್ಲು ಯಾರಿಗೆ ಎಂದು ಜಗಳ. ಇಬ್ಬರ ಮನೆಯಲ್ಲೂ ಮಿಕ್ಸಿ ಇದೆ, ಇಬ್ಬರಿಗೂ ಸೊಂಟ ನೋವಿದೆ, ಒರಳಿನ ಮುಂದೆ ಕೂತರೆ ಏಳಿಸಲು ಇನ್ನೊಬ್ಬರು ಬೇಕು. ಆದರೂ ಜಗಳ. ನಾನು ಸಿಟ್ಟಿನಿಂದ ಹರಿಹರದಿಂದ ಎದ್ದು ಬಂದವಳು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಅವಳೂ ಫೋನ್ ಮಾಡಲಿಲ್ಲ. ಹರಿಹರವೇನು ಸಪ್ತಸಮುದ್ರದಾಚೆ ಇಲ್ಲ, ಬಸ್ಸು ಹತ್ತಿ ಕಣ್ಣು ಮುಚ್ಚಿ ತೆಗೆದರೆ ಬಂತು. ಹಬ್ಬ ಬಂದಾಗಲೆಲ್ಲ ಹೋಳಿಗೆ ಬೇಯಿಸುತ್ತ, ಇದು ಅವಳಿಗೆ ಇಷ್ಟ ಎಂದು ನೆನಪಾಗಿ, ನನಗೇನು ಎಂದು ಒಲೆ ಆರಿಸುತ್ತಿದ್ದೆ. ಒಳಗೊಳಗೇ ಜೀವ ಹಿಂಡುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಆ ದಿನ ಮಾಸ್ಟರು ನನ್ನ ಕಡೆ ಬೆರಳು ತೋರಿಸಿದರು. ನಾನು ಸುಮ್ಮನಿದ್ದೆ. ಸೀಟಿ ಹೊಡೆದರು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಇದು: “ಅನ್‌ಲೆಸ್ ಮೈ ಸಿಸ್ಟರ್ ಕಾಲ್ಸ್ ಮಿ, ಐ ವಿಲ್ ನಾಟ್ ಗೋ ಟು ಹರಿಹರ.” ಅಕ್ಕ ಫೋನ್ ಮಾಡದ ಹೊರತು ನಾನು ಹರಿಹರಕ್ಕೆ ಹೋಗುವುದಿಲ್ಲ.

ರುದ್ರಪ್ಪನವರು ಆಗಷ್ಟೇ ಚಿಗುರುತ್ತಿದ್ದ ತಲೆ ಸವರಿಕೊಂಡು, “ಅಕ್ಕಾರ, ಎಂಥಾ ಮಾತು ಆಡಿದ್ರಿ. ಇನ್ನ ಹೆಂಗೆ ಹೋಗ್ತೀರಿ?” ಅಂದರು.

“ಹೋಗಂಗಿಲ್ಲ ಬಿಡ್ರಿ” ಅಂದೆ. ಬಜ್ಜಿಯ ಘಾಟು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡೆ.

ದಾದಾಪೀರ್‌ಗೆ ಅದು ಘಾಟಲ್ಲ ಎಂದು ತಿಳಿಯಿತು. ನಾನು ಬ್ಯಾಡ, ಬ್ಯಾಡ ಎನ್ನುತ್ತಿದ್ದರೂ ಹಳೇ ಗಾದಿಯ ಹತ್ತಿ ಬಿಡಿಸಿಕೊಡುವ ನೆಪದಲ್ಲಿ ಅಕ್ಕನ ಮನೆಗೆ ಹೋಗಿ ಬಂದರು. ಬಂದವರ ಮುಖ ಸಣ್ಣಗಾಗಿತ್ತು.

“ಅಮ್ಮಾರದೂ ಹರಕಿ ಐತ್ರಿ. ತಂಗಿ ತಾನಾಗಿ ಬರೋತನಕ ಫೋನ್‌ನಾಗೆ ಮಾತಾಡಂಗಿಲ್ಲ ಅಂತ ಹರಿಹರೇಶ್ವರನ ಮುಂದೆ ಹೇಳಿಬಿಟ್ಟಾರೆ.”

ಅವಳು ಫೋನ್ ಮಾಡದೆ ನಾನು ಹೋಗುವಂತಿಲ್ಲ, ನಾನು ಹೋಗದೆ ಅವಳು ಮಾತಾಡುವಂತಿಲ್ಲ. ಒಬ್ಬಳದು ದೇವರ ಮುಂದೆ, ಒಬ್ಬಳದು ಇಂಗ್ಲಿಷಿನ ಮುಂದೆ. ಆವತ್ತು ಪಾಠ ನಡೆಯಲಿಲ್ಲ, ಪಂಚಾಯ್ತಿ ನಡೆಯಿತು. ತಪ್ಪು ವಾಕ್ಯ ತಿದ್ದಿದ ಹಾಗೆ ನನ್ನ ವಾಕ್ಯವನ್ನೂ ಒರೆಸಿಬಿಡುತ್ತೇನೆ ಎಂದು ಮಾಸ್ಟರು ಡಸ್ಟರ್ ಎತ್ತಿಕೊಂಡರು. ರುದ್ರಪ್ಪನವರು ಎದ್ದು ಹಲಗೆಗೆ ಅಡ್ಡ ನಿಂತರು.

“ಒರಸ್ರಿ. ಹಂಗಾರೆ ನನ್ನ ಕೂದ್ಲು ಕೊಡ್ರಿ.”

ಮಾಸ್ಟರು ಡಸ್ಟರ್ ಇಳಿಸಿದರು.

ದಾದಾಪೀರ್ ಇನ್ನೊಮ್ಮೆ ಹೋದರು. ಏನು ಹೇಳಿದರೋ ನನಗೆ ಗೊತ್ತಿಲ್ಲ, ನಾನು ಅತ್ತದ್ದನ್ನು ಹೇಳಿದರೆಂದು ಕಾಣುತ್ತದೆ. ಮರುದಿನ ಪಾಠದ ನಡುವೆ ನನ್ನ ಫೋನು ಒಂದು ಸಲ ರಿಂಗಾಗಿ ನಿಂತಿತು. ನೋಡಿದರೆ ಅಕ್ಕನ ನಂಬರು.

“ನೀವು ಎತ್ತಲಿಲ್ಲ, ಅವ್ರು ಮಾತಾಡಲಿಲ್ಲ. ಅವ್ರ ಹರಕಿ ಮುರೀಲಿಲ್ಲ” ಅಂದರು ದಾದಾಪೀರ್.

“ರಿಂಗ್ ಆತಲ್ರಿ. ನಮ್ಮೂರಾಗೆ ಬಸ್ ಬಂತು ಅಂತ ಮಿಸ್ ಕಾಲೇ ಕೊಡದು. ಅದಕ್ಕೇ ಎದ್ದು ಹೋಗ್ತೀವಿ. ಕಾಲ್ ಅಂದ್ರೆ ಕಾಲೇ” ಅಂದರು ರುದ್ರಪ್ಪನವರು.

ಎಲ್ಲರೂ ಮಾಸ್ಟರ ಮುಖ ನೋಡಿದೆವು. ಅವರು ಬಹಳ ಹೊತ್ತು ಯೋಚಿಸಿ, ಜೀವಮಾನದ ದೊಡ್ಡ ಗೋಲಿಗೆ ಹೊಡೆದಂತೆ ಉದ್ದನೆಯ ಸೀಟಿ ಹೊಡೆದರು.

ಹರಕೆ ತೀರಿಸುವವರನ್ನು ಒಂಟಿಯಾಗಿ ಕಳಿಸಬಾರದಂತೆ. ಮಾಸ್ಟರು, ರುದ್ರಪ್ಪನವರು, ದಾದಾಪೀರ್ ಮೂವರೂ ನನ್ನ ಜೊತೆ ಬಸ್ಸು ಹತ್ತಿದರು. ದೊಡ್ಡಬಾತಿ ದಾಟುವಾಗ ಮಾಸ್ಟರು ನನಗೆ ‘ಇನ್ ಕೇಸ್’ ಅಭ್ಯಾಸ ಮಾಡಿಸುತ್ತಿದ್ದರು: ಇನ್ ಕೇಸ್ ಶಾಂತಕ್ಕ ಬಾಗಿಲು ಹಾಕಿದರೆ, ಇನ್ ಕೇಸ್ ಶಾಂತಕ್ಕ ಪೊರಕೆ ಎತ್ತಿಕೊಂಡರೆ. ಕಂಡಕ್ಟರನೂ ಒಂದು ವಾಕ್ಯ ಹೇಳಿದ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಸೊರಗಿದ್ದಳು. ನನ್ನ ಹಿಂದೆ ನಿಂತ ಸೀಟಿ, ಕುರುಚಲು ತಲೆ, ತೆಂಗಿನಕಾಯಿ ಎಲ್ಲವನ್ನೂ ಒಂದು ಸುತ್ತು ನೋಡಿದಳು. ಒರಳಿನ ಮಾತು ತೆಗೆಯುತ್ತಾಳೆಂದು ನಾನು ಜವಾಬು ಜೋಡಿಸಿಕೊಂಡಿದ್ದೆ.

“ಆವತ್ತು ಸಿಟ್ಟು ಮಾಡ್ಕಂಡು ಹೋದ್ಯಲ್ಲ, ಕತ್ಲಾದ್ರೂ ಫೋನು ಕೈಯಾಗೆ ಹಿಡಕಂಡು ಕುಂತಿದ್ದೆ. ಇಷ್ಟು ವರ್ಷದಾಗೆ ಮುಟ್ಟಿದೆ ಅಂತ ಒಂದು ಮಿಸ್ ಕಾಲ್ ಕೊಡಾಕಾಗ್ಲಿಲ್ಲೇನೆ?”

ನನ್ನ ಜವಾಬೆಲ್ಲ ಉದುರಿಹೋಯಿತು. ಇಬ್ಬರೂ ಅತ್ತೆವು. ಒಳಗೆ ಬರ್ರಿ, ಕೂಡ್ರಿ ಎಂದು ಅವರನ್ನು ಕರೆಯಲೂ ಮರೆತೆವು. ಮೂವರೂ ಹೊಸ್ತಿಲಾಚೆ ನಿಂತುಕೊಂಡೇ ಕಾಯಿ ಒಡೆದು ತಿಂದರು.

ಕಲ್ಲಿನ ತೀರ್ಪನ್ನೂ ಆವತ್ತೇ ತರಗತಿ ಕೊಟ್ಟಿತು: ಒರಳು ನನಗೆ, ಗುಂಡು ಅವಳಿಗೆ. ಜಗಳವೂ ಇಲ್ಲ, ರುಬ್ಬುವ ಕಷ್ಟವೂ ಇಲ್ಲ. ರುದ್ರಪ್ಪನವರ ಟ್ರಾಕ್ಟರಿನಲ್ಲಿ ಒರಳೊಂದೇ ಮೆರವಣಿಗೆಯಂತೆ ನಮ್ಮ ಬಡಾವಣೆಗೆ ಬಂತು. ಅದರ ಮೇಲೆಯೇ ಈಗ ಕೂತಿದ್ದೇನೆ. ಅಂದಿನಿಂದ ಅಕ್ಕ ಬಂದು ಹೋದಾಗಲೆಲ್ಲ ಮನೆ ಮುಟ್ಟಿ ಒಂದು ಮಿಸ್ ಕಾಲ್ ಕೊಡುತ್ತಾಳೆ. ಮಾತಾಡಿದರೆ ದುಡ್ಡು ಹೋಗುವ ಕಾಲ ಮುಗಿದರೂ ಒಂದೇ ರಿಂಗು. ಎತ್ತಲು ಬಿಡುವುದಿಲ್ಲ.

ಅಕೋ, ಬಂತು. ಮುಟ್ಟಿದಳು.

ಆದರೆ ಇದೇನು, ನಿಲ್ಲುತ್ತಿಲ್ಲ. ರಿಂಗಾಗುತ್ತಲೇ ಇದೆ. ಎತ್ತಿ, “ಏನಾತೇ ಅಕ್ಕಾ?” ಅಂದೆ.

“ಏನಾಗ್ಬೇಕು? ಚೀಲ ನೋಡಿದ್ಯಾ?”

“ಇನ್ನೂ ಇಲ್ಲ.”

“ನೋಡು ಹೋಗು. ಮಿಸ್ ಕಾಲ್‌ನಾಗೆ ಇದನ್ನೆಲ್ಲ ಹೇಳಾಕೆ ಬರಂಗಿಲ್ಲ ನೋಡು, ಅದಕ್ಕೇ ಮಾಡಿದೆ.”

ಫೋನು ಕಿವಿಗಿಟ್ಟುಕೊಂಡೇ ಒಳಗೆ ಹೋಗಿ ಬಾಗಿಲ ಹಿಂದಿನ ಚೀಲ ಬಿಚ್ಚಿದೆ. ಅಕ್ಕಿಯಲ್ಲ. ಹಳೇ ಸೀರೆಯಲ್ಲಿ ಸುತ್ತಿದ ಗುಂಡು. ಅವ್ವನ ಕೈ ಸವೆಸಿದ ಜಾಗ ಇನ್ನೂ ನುಣ್ಣಗಿತ್ತು.

“ಯಾಕ ಕೊಟ್ಟಿ ಇದನ್ನ?”

“ಒಬ್ಬಳ ಹತ್ರ ಇದ್ರೆ ಯಾತಕ್ಕೆ ಬರುತ್ತೆ ಅದು? ಅವ್ವ ಮಾಡ್ತಿದ್ದ ಕೆಂಪು ಚಟ್ನಿ ತಿನ್ಬೇಕು ಅನ್ನಿಸೈತೆ.”

ಆ ನುಣುಪಿನ ಮೇಲೆ ಕೈ ಸವರಿದೆ. ಆಮೇಲೆ, “ಆತು, ಬರೋ ವಾರ ನೀನು ಬಂದ್ರೆ ರುಬ್ತೀನಿ” ಅಂದೆ.

“ಬಂದ್ರೆ ಗಿಂದ್ರೆ ಅನಬ್ಯಾಡ, ನಿನ್ನ ಹರಕಿ ನನಗೆ ಸಾಕಾಗೈತೆ. ನೀ ರುಬ್ಬಿಡು. ನಾ ಬರ್ತೀನಿ.”