ನಾನು ತೆಗೆದುಹಾಕಿದ ಸದ್ದು

ಕಗ್ಗದಾಸಪುರದ ನನ್ನ ಬಾಡಿಗೆ ಕೋಣೆಯ ಫ್ಯಾನು, ಒಂದನೇ ನಂಬರಿನಲ್ಲಿ ತಿರುಗುವಾಗ, ಸುತ್ತಿಗೊಮ್ಮೆ ‘ಟಿಕ್’ ಎನ್ನುತ್ತಿತ್ತು. ಎಲೆಕ್ಟ್ರಾನಿಕ್ಸ್ ಓದಿದವಳಿಗೆ ಅನಗತ್ಯ ಸದ್ದು ಅಪಚಾರವಿದ್ದಂತೆ. ಮನೆಯೊಡತಿಗೆ ಮೂರು ಸಲ ದೂರಿ, ಎಲೆಕ್ಟ್ರಿಷಿಯನ್‌ನನ್ನು ಕಳಿಸುವ ಮಾತು ಪಡೆದಿದ್ದೆ.

ಈ ಶುಚಿತ್ವದ ಚಟ ನನ್ನ ಜೊತೆ ಕೆಲಸಕ್ಕೂ ಬರುತ್ತಿತ್ತು. ಆಗಿನ್ನೂ ದೂರದ ಚಿತ್ರ, ದನಿಗಳು ಉಪಗ್ರಹದ ಮೂಲಕ ಬರುತ್ತಿದ್ದ ಕಾಲ. ರಾಯಚೂರು ಕಡೆಯ ಸಣ್ಣ ಆಸ್ಪತ್ರೆಯ ಆಪರೇಷನ್ ಥಿಯೇಟರನ್ನು ಕುಕ್ ಟೌನ್ ಬಳಿಯ ನಮ್ಮ ಆಸ್ಪತ್ರೆಯ ಪರದೆಗೆ ತರುವುದು ನನ್ನ ಉದ್ಯೋಗ; ಅಲ್ಲಿ ಅರಿವಳಿಕೆ ಕೊಡುವ ಹೊಸ ಡಾಕ್ಟರಿಗೆ ಇಲ್ಲಿಂದಲೇ ದಾರಿ ತೋರುವುದು, ಜನರನ್ನು ಮಲಗಿಸಿ ಎಬ್ಬಿಸುವುದರಲ್ಲೇ ತಲೆ ನರೆತ ನಮ್ಮ ಮೇಡಂ ಅವರ ಕೆಲಸ.

ಅಂದು ಅಲ್ಲಿ ಮಲಗಿದ್ದವಳು ಕರುಳು ತೊಡರಿಕೊಂಡಿದ್ದ ಬಳೆಗಾರ್ತಿ. ಬಳೆ ತೆಗೆಸಿದ ಕೈಯ ಬಿಳಿಚಿದ ಗುರುತು ಪರದೆಯಲ್ಲೂ ಕಾಣುತ್ತಿತ್ತು. ಅವಳ ಬೆರಳಿಗೆ ಸಿಕ್ಕಿಸಿದ ಯಂತ್ರದ ‘ಕೀಂ ಕೀಂ’ ಡಾಕ್ಟರ ಮಾತಿಗೆ ಅಡ್ಡಬರುತ್ತಿದೆಯೆಂದು ನಾನು ಅದನ್ನು ನಾಜೂಕಾಗಿ ಸೋಸಿ ತೆಗೆದು, ಮೆಚ್ಚುಗೆಗೆ ಕಾದು ಕುಳಿತೆ.

“ಆ ಕೀಂ ಕೀಂ ಎಲ್ಲಮ್ಮ?” ಎಂದರು ಮೇಡಂ.

“ನಾಯ್ಸ್ ತೆಗೆದ್ಬಿಟ್ಟೆ ಮೇಡಂ.”

“ನಾನು ಕೇಳ್ತಾ ಕೂತಿರೋದೇ ಅದನ್ನ ಕಣಮ್ಮ. ವಾಪಸ್ ಹಾಕು.”

ಹಾಕಿದೆ. ಅವರು ಕಣ್ಣು ಮುಚ್ಚಿದರು. ರಕ್ತದಲ್ಲಿ ಆಮ್ಲಜನಕ ಇಳಿದರೆ ಆ ಸ್ವರವೂ ಇಳಿಯುತ್ತದೆಂದು ನಾನು ಪುಸ್ತಕದಲ್ಲಿ ಓದಿದ್ದೆ. ಇಳಿಯುತ್ತಿದ್ದುದು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಅಲ್ಲಿಯ ಡಾಕ್ಟರು ರಕ್ತದೊತ್ತಡ ಸರಿಪಡಿಸುವುದರಲ್ಲಿ ಮುಳುಗಿದ್ದರು.

“ಡಾಕ್ಟ್ರೇ, ಉಸಿರಿನ ಟ್ಯೂಬ್ ಒಳಗೆ ಜಾಸ್ತಿ ಹೋಗಿ ಒಂದೇ ಕಡೆ ಗಾಳಿ ಹೋಗ್ತಿರ್ಬೇಕು. ಎದೆ ಎರಡೂ ಕಡೆ ಕೇಳಿ ನೋಡಿ.”

ಉತ್ತರ ಆಕಾಶಕ್ಕೆ ಹೋಗಿ ಇಳಿದು ಬರುವಷ್ಟು ತಡವಾಗಿ ಬಂತು. “ಎಡಗಡೆ ಗಾಳಿ ಕೇಳವಲ್ದ್ರಿ ಮೇಡಂ.”

“ಸ್ವಲ್ಪ ಹಿಂದಕ್ಕೆ ಎಳೀರಿ. ಸಾಕು.”

ಆಮೇಲೆ ನಾನೂ ಕಣ್ಣು ಮುಚ್ಚಿದೆ. ಕೀಂ, ಕೀಂ, ಎಂದು ಆ ದನಿ ಮೆಟ್ಟಿಲು ಹತ್ತುವವರಂತೆ ಒಂದೊಂದೇ ಹೆಜ್ಜೆ ಮೇಲೇರಿತು. ನೂರಾರು ಮೈಲಿಯಾಚೆ ಮಲಗಿದ್ದ, ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬಳ ಜೀವ, ನಾನು ಕಸವೆಂದು ಗುಡಿಸಿದ್ದ ಸದ್ದಿನಲ್ಲಿ ನಡೆದು ಬರುತ್ತಿತ್ತು. ಅದನ್ನು ಕೂತಲ್ಲಿಂದಲೇ ಕೈಹಿಡಿದು ನಡೆಸಿದ ಮೇಡಂ ಅವರ ಆ ಕಿವಿಗಳ ಮುಂದೆ, ಓದುಗರೇ, ನನ್ನ ಪದವಿ ಬಹಳ ಚಿಕ್ಕದಾಗಿ ಕಂಡಿತು. ಸಂಜೆಯ ಹೊತ್ತಿಗೆ ಅವಳು ಕಣ್ಣು ಬಿಟ್ಟು ಮೊದಲು ಕೇಳಿದ್ದು ತನ್ನ ಬಳೆಗಳನ್ನಂತೆ.

ಮರುದಿನ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಏಣಿ ಹೊತ್ತು ಬಂದ. ಅವನಿಗೆ ಕಾಫಿ ಕೊಟ್ಟು, ಫ್ಯಾನನ್ನು ಒಂದನೇ ನಂಬರಿಗಿಟ್ಟು, ಇಬ್ಬರೂ ಸ್ವಲ್ಪ ಹೊತ್ತು ಕೇಳಿಸಿಕೊಂಡೆವು. ಆಮೇಲೆ ಏಣಿ ಬಿಚ್ಚುವುದು ಬೇಡವೆಂದೆ.