ಚಿಗವ್ವ ಸಮುದ್ರ ನೋಡಲು ಹೋದದ್ದು

ಆಗ ನನಗೆ ಹದಿನೆಂಟು ವರ್ಷ. ಅದಾಗಿ ಐವತ್ತು ವರ್ಷ ದಾಟಿದವು. ಚಿಗವ್ವ ಎಂದರೆ ನನಗೆ ಮೊದಲು ಕಾಣುವುದು ಅವಳ ಮುಖವಲ್ಲ, ಮೊಣಕೈ. ಬ್ಯಾಡಗಿಯಲ್ಲಿ ಸಾವ್ಕಾರರ ಮೆಣಸಿನಕಾಯಿ ವಖಾರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಯಿಯ ತುಂಬು, ಅಂದರೆ ತೊಟ್ಟು, ಮುರಿದು ಮುರಿದು ಅವಳ ಬೆರಳು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಆ ಬೆರಳು ಮುಖಕ್ಕೆ ತಾಗಿದರೆ ಬೆಂಕಿ. ಅದಕ್ಕೇ ಕಣ್ಣು ತುರಿಸಿದರೆ ಮೊಣಕೈ, ಮೂಗು ಸೋರಿದರೆ ಮೊಣಕೈ, ಕೆನ್ನೆಯ ಮೇಲೆ ನೊಣ ಕೂತರೂ ಮೊಣಕೈ. ಕೈಗೆ ಎಣ್ಣೆ ಹಚ್ಚಿ ತೊಳೆದುಕೊಂಡು ಮದುವೆ ಮನೆಗೆ ಹೋದಾಗಲೂ ಹಾಗೇ ಮಾಡುತ್ತಿದ್ದಳು. ಮಂದಿ ನಗುತ್ತಿದ್ದರು. ಯಾಕೆ ನಗುತ್ತಾರೆ ಎಂದು ಅವಳಿಗೆ ತಿಳಿಯುತ್ತಲೇ ಇರಲಿಲ್ಲ.

ಅವಳು ನನ್ನ ಅವ್ವನ ತಂಗಿಯಲ್ಲ. ನಮ್ಮ ಓಣಿಯ ವಿಧವೆ. ಮಕ್ಕಳಿಲ್ಲ. ವಖಾರಿಯಲ್ಲಿ ತುಂಬು ಬಿಡಿಸುವ ಹೆಂಗಸರೆಲ್ಲ ಚಿಗವ್ವ ಎನ್ನುತ್ತಿದ್ದರು, ನಾನೂ ಅಂದೆ.

ನನ್ನನ್ನು ಮೇಡ್ಲೇರಿಗೆ ಕೊಟ್ಟಿದ್ದರು. ಗಂಡ ಹೊಡೆಯುತ್ತಿದ್ದ. ಹೆಚ್ಚು ಹೇಳುವುದಿಲ್ಲ, ಹೊಡೆಯುತ್ತಿದ್ದ ಅಷ್ಟೆ. ಒಂದು ದಿನ ಬಿಟ್ಟು ಬಂದೆ. ಅಣ್ಣನ ಹೆಂಡತಿ ಬಾಗಿಲಲ್ಲಿ ಅಡ್ಡ ನಿಂತು, ಎರಡು ದಿನ ಇರು, ಆಮೇಲೆ ಹೋಗು ಎಂದಳು. ನಾನು ಕಟ್ಟೆಯ ಮೇಲೆ ಕೂತು ಅಳುತ್ತಿದ್ದೆ. ಚಿಗವ್ವ ಕೆಲಸಕ್ಕೆ ಹೊರಟವಳು ನಿಂತು ನೋಡಿದಳು.

"ಅತ್ತರ ಯಾರರ ಕೂಲಿ ಕೊಡ್ತಾರೇನ? ಏಳು. ನನ್ನ ಮಗ್ಗಲಾಗ ಜಾಗ ಐತಿ."

ಹೋದೆ. ಕೂತೆ. ಮೊದಲ ದಿನ ಕೈ ಉರಿದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವಳು ಕೈಗೆ ಬೆಲ್ಲದ ನೀರು ಹಚ್ಚಿ, "ಎಂಟ ದಿನಾ ಉರೀತೈತಿ. ಆಮ್ಯಾಲ ಉರಿಯೂದು ನಿಂಗ ತಿಳಿಯಂಗಿಲ್ಲ," ಎಂದಳು.

ಗಂಡ ಒಂದು ಸಲ ವಖಾರಿಗೇ ಬಂದ. ನಡೆ ಮನೆಗೆ ಎಂದು ನನ್ನ ರಟ್ಟೆ ಹಿಡಿದ. ಚಿಗವ್ವ ಕೂತಲ್ಲಿಂದ ಏಳಲಿಲ್ಲ. "ಚೀಲ ಝಾಡಸ್ರಬೇ," ಅಂದಳು ಅಷ್ಟೆ. ಹತ್ತು ಹೆಂಗಸರು ಖಾಲಿ ಚೀಲ ಎತ್ತಿ ಝಾಡಿಸಿದರು. ಕೆಂಪು ಧೂಳು ಮಾಡಿನವರೆಗೆ ಎದ್ದಿತು. ಅವನು ಸೀನಿ, ಕೆಮ್ಮಿ, ಕಣ್ಣು ಕಾಣದೆ ಗೋಡೆಗೆ ಢಿಕ್ಕಿ ಹೊಡೆದು ಹೊರಗೆ ಓಡಿದ. ಮತ್ತೆ ಬರಲಿಲ್ಲ. ಚಿಗವ್ವ ಮೊಣಕೈಯಿಂದ ಕಣ್ಣೊರೆಸಿಕೊಂಡು, "ನಾವು ದಿನಾ ಕುಡಿಯೂ ಗಾಳಿ. ಒಂದ ಗಳಿಗಿ ತಡೀಲಿಲ್ಲ ನೋಡು ಗಂಡಸು," ಎಂದಳು.

ಅವಳು ಮಾತಿನಲ್ಲಿ ಬಿರುಸು. ಆದರೆ ದೇವರ ವಿಷಯದಲ್ಲಿ ಕಟ್ಟುನಿಟ್ಟು. ನಾವು ಲಿಂಗ ಕಟ್ಟುವ ಮಂದಿ. ಹುಟ್ಟಿದ ಕೂಸಿಗೆ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ, ಅದು ಸಾಯುವವರೆಗೆ ಕೊರಳಲ್ಲಿ ಇರಬೇಕು. ದಿನಾ ಬೆಳಿಗ್ಗೆ ಅದನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ನೀರೆರೆದು ಪೂಜೆ ಮಾಡಬೇಕು. ಪೂಜೆ ಆಗುವವರೆಗೆ ಚಿಗವ್ವ ಗುಟುಕು ನೀರು ಕುಡಿಯುತ್ತಿರಲಿಲ್ಲ. ಜ್ವರ ಬಂದು ಮಲಗಿದಾಗಲೂ ಗೋಡೆಗೆ ಒರಗಿ ಕೂತು ಪೂಜೆ ಮುಗಿಸಿಯೇ ಗಂಜಿ ಕುಡಿದಳು.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆ ಅದು. ಸುಗ್ಗಿ ಮುಗಿದು ವಖಾರಿ ಖಾಲಿಯಾಗಿತ್ತು. ಸಾವ್ಕಾರರ ಕೊನೆಯ ಮಾಲು ಲಾರಿಯಲ್ಲಿ ಹಾವೇರಿ, ಶಿರಸಿ ದಾಟಿ, ಘಟ್ಟ ಇಳಿದು ಕುಮಟೆಗೆ ಹೋಗುವುದಿತ್ತು. ಅಲ್ಲಿಂದ ಹಾಯಿ ಕಟ್ಟಿದ ದೊಡ್ಡ ದೋಣಿಯಲ್ಲಿ ಕಾರವಾರಕ್ಕೆ. ಆ ದೋಣಿಗೆ ಅಲ್ಲಿಯವರು ಮಚವೆ ಎನ್ನುತ್ತಾರೆ. ಚಿಗವ್ವ ನೇರವಾಗಿ ಸಾವ್ಕಾರರ ಗಾದಿಯ ಮುಂದೆ ಹೋಗಿ ನಿಂತಳು.

"ಸಾವ್ಕಾರ್ರ, ನಾವು ತುಂಬು ಬಿಡಿಸಿದ ಕಾಯಿ ಸಮುದ್ರ ನೋಡ್ತಾವ. ನಾವು ನೋಡಬಾರದೇನ್ರಿ?"

ಅವರು ನಕ್ಕರು. "ಚೀಲದ ಮ್ಯಾಲ ಕುಂತು ಹೋಗೂದಿದ್ರ ಹೋಗಿ ಬರ್ರಿ."

ಹೊರಟವರು ನಾಲ್ವರು. ಚಿಗವ್ವ, ನಾನು, ಬೆಳಿಗ್ಗೆ ಮನೆಮನೆಗೆ ಹಾಲು ಹಾಕಿ ಆಮೇಲೆ ವಖಾರಿಗೆ ಬರುತ್ತಿದ್ದ ಹಾಲಿನವ್ವ, ಮತ್ತು ಹಾಲಿನವ್ವನ ನಾದಿನಿ. ಓಣಿಯಲ್ಲಿ ಕೇಳಿದವರಿಗೆ ಗೋಕರ್ಣದ ಯಾತ್ರೆ ಎಂದೆವು. ಚಿಗವ್ವ ಮಾತ್ರ ಲಾರಿ ಹತ್ತುವಾಗ ನಮಗೆ ಹೇಳಿದಳು: "ದೇವ್ರು ನಮ್ಮೂರಾಗೂ ಅದಾನ. ನಾ ನೀರು ನೋಡಾಕ ಹೊಂಟೇನಿ. ಗೌರಿ ಹುಣ್ಣಿವಿ ಆಣಿ, ಯಾರ ಮುಂದೂ ಅನ್ನಬ್ಯಾಡ್ರಿ."

ಮಚವೆ ಕುಮಟೆ ಬಿಟ್ಟ ದಿನ ಚಲೋ ಗಾಳಿ ಇತ್ತು. ನಾನು ಅಂಥದ್ದನ್ನು ಆಮೇಲೆ ಎಂದೂ ನೋಡಲಿಲ್ಲ. ಬಲಗಡೆ ಗುಡ್ಡ ಸೀದಾ ನೀರಿನೊಳಗೆ ಇಳಿದಿತ್ತು. ಗುಡ್ಡ ಮುಗಿದರೆ ಬಿಳಿ ಮರಳು, ಮರಳು ಮುಗಿದರೆ ತೆಂಗು, ತೆಂಗಿನ ನಡುವೆ ಹೊಗೆ ಬಿಡುವ ಗುಡಿಸಲು, ಮತ್ತೆ ಗುಡ್ಡ. ಗೋಕರ್ಣದ ದಿಕ್ಕಿಗೆ ಕೂತಲ್ಲಿಂದಲೇ ಕೈ ಮುಗಿದೆವು. ಚಿಗವ್ವ ಬಗ್ಗಿ ಸಮುದ್ರಕ್ಕೆ ಬೆರಳು ಅದ್ದಿ ನೆಕ್ಕಿದಳು.

"ಉಪ್ಪು ಹಾಕಿದಾಂವ ಕೈ ಬಿಗಿಹಿಡಿದಿಲ್ಲ ಬಿಡು. ನಮ್ಮ ಒಂದ ಚೀಲ ಸುರುವಿದ್ರ ಸಾರು ಆಗತಿತ್ತು."

ಹಾಲಿನವ್ವ, "ಸಾರು ಮಾಡಿ ಯಾರಿಗೆ ನೀಡ್ತೀಯಕ್ಕಾ?" ಎಂದಳು.

"ನನ್ನ ಗಂಡನ ಅವ್ವಗ. ಹ್ಯಾಂಗೂ ಮ್ಯಾಲ ಹೋಗ್ಯಾಳ, ಅಲ್ಲಿ ಉಪ್ಪು ಖಾರ ಇಲ್ಲದ ಒದ್ಯಾಡತಿರ್ತಾಳ."

ನಕ್ಕದ್ದು ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ನಮಗೆಲ್ಲ ವಾಂತಿ ಹತ್ತಿತು. ಎಲ್ಲರಿಗಿಂತ ಹೆಚ್ಚು ಚಿಗವ್ವನಿಗೆ. ತಿಂದದ್ದು, ಕುಡಿದದ್ದು ಎಲ್ಲ ಹೊರಗೆ ಬಂತು. ಕತ್ತಲಾಗುವ ಹೊತ್ತಿಗೆ ಬರೀ ಹಳದಿ ನೀರು ಬರುತ್ತಿತ್ತು.

ಮರುದಿನ ಬೆಳಿಗ್ಗೆ ಸ್ವಲ್ಪ ಗೆಲುವಾಗಿ, ಪೂಜೆ ಮಾಡಿ ನೀರು ಕುಡಿಯುತ್ತೇನೆ ಎಂದು ಅಂಚಿಗೆ ಕೂತಳು. ಪೂಜೆಯ ನೀರು ಯಾರ ಕಾಲಿಗೂ ತಾಗದೆ ಸಮುದ್ರಕ್ಕೆ ಬೀಳಲಿ ಎಂದು ಕೈ ಹೊರಗೆ ಚಾಚಿದಳು. ನಾನು ಹಿಂದೆ ಚೊಂಬು ಹಿಡಿದು ನಿಂತಿದ್ದೆ. ದೊಡ್ಡ ಅಲೆಯೇನೂ ಅಲ್ಲ. ಮಚವೆ ಒಮ್ಮೆ ಆ ಕಡೆ ವಾಲಿತು, ಈ ಕಡೆ ವಾಲಿತು. ಚಿಗವ್ವನ ಅಂಗೈ ಇದ್ದಂತೆಯೇ ಇತ್ತು. ಅದರಲ್ಲಿ ಲಿಂಗ ಇರಲಿಲ್ಲ.

ಸದ್ದು ಕೂಡ ಕೇಳಲಿಲ್ಲ.

ದೋಣಿಯವನೊಬ್ಬ ತಕ್ಷಣ ಹಾರಿದ. ಎರಡು ಸಲ ಮುಳುಗಿ ಎದ್ದ. ಮೂರನೆಯ ಸಲ ಎದ್ದಾಗ ಮೂಗಿನಲ್ಲಿ ರಕ್ತ. ತಾಂಡೇಲ, ಅಂದರೆ ಮಚವೆಯ ಯಜಮಾನ, ಅವನನ್ನು ಮೇಲೆ ಎಳೆದುಕೊಂಡ. "ಇಲ್ಲಿ ತಳ ಸಿಕ್ಕುದಿಲ್ಲ ಅಮ್ಮಾ," ಎಂದ. ಚಿಗವ್ವ ಅಳಲಿಲ್ಲ. ಅಂಗೈ ಮುಚ್ಚಲೂ ಇಲ್ಲ.

ಊರಲ್ಲಿ ಆಗಿದ್ದರೆ ಇದು ದೊಡ್ಡ ಮಾತಲ್ಲ. ಬಾವಿಯಲ್ಲಿ, ಹೊಳೆಯಲ್ಲಿ ಲಿಂಗ ಕಳೆದುಕೊಂಡವರು ಮಠಕ್ಕೆ ಓಡಿ, ಅಯ್ಯನವರಿಂದ ಹೊಸದು ಕಟ್ಟಿಸಿಕೊಂಡು, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದರು. ಇಲ್ಲಿ ಅಯ್ಯನವರು ಎಲ್ಲಿ? ಘಟ್ಟದ ಮೇಲೆ ಇದ್ದರು. ಇಲ್ಲವೆಂದರೆ ಕಾರವಾರದಲ್ಲಿ ನಮ್ಮ ಕಡೆಯವರ ನಾಲ್ಕು ಮನೆ ಇದ್ದವು, ಅಲ್ಲಿ ಒಬ್ಬ ಅಯ್ಯನವರು ಇದ್ದರು.

"ಕಾರವಾರ ಯಾವಾಗ ಮುಟ್ಟತೈತಿ?" ಎಂದು ಚಿಗವ್ವ ಕೇಳಿದಳು.

"ಗಾಳಿ ಇದ್ರೆ ಸಂಜಿಗೆ."

"ಆತು. ಅಲ್ಲೀಮಟಾ ನಂಗ ನೀರು ಬ್ಯಾಡ."

ಗಾಳಿ ಬಿತ್ತು. ಹಾಯಿ ಒದ್ದೆ ಬಟ್ಟೆಯ ಹಾಗೆ ಜೋತು ಬಿತ್ತು. ಸಮುದ್ರ ಎಣ್ಣೆ ಸುರುವಿದ ಹಾಗೆ ನಿಂತಿತು. ಬಿಸಿಲು ಕಾಯಿ ಒಣಗಿಸುವ ಬಿಸಿಲು. ದೋಣಿಯವರು ಹುಟ್ಟು ಹಾಕಿದರು. ತುಂಬಿದ ಮಚವೆ, ಮುಂದೆ ಹೋದಷ್ಟು ನೀರಿನ ಸೆಳೆತಕ್ಕೆ ಹಿಂದೆ ಬರುತ್ತಿತ್ತು. ಕೊನೆಗೆ ತಾಂಡೇಲ ಹಿಂದೆ ಕಟ್ಟಿದ್ದ ಸಣ್ಣ ದೋಣಿ ಬಿಚ್ಚಿಸಿ, ಇಬ್ಬರನ್ನು ಕಾರವಾರಕ್ಕೆ ಕಳಿಸಿದ. ಆ ಬಿಸಿಲಲ್ಲಿ ಅಷ್ಟು ದೂರ ಕೂತು ಹೋಗುವ ತ್ರಾಣ ಚಿಗವ್ವನಿಗೆ ಉಳಿದಿರಲಿಲ್ಲ. "ನಿಮ್ಮ ಅಯ್ಯನೋರನ್ನ ಹೊತ್ಕೊಂಡೇ ಬರ್ತ್ರು," ಎಂದ. ಅವನು ನಮ್ಮ ಜಾತಿಯವನಲ್ಲ, ಭಾಷೆಯೂ ಬೇರೆ. ಅವನಿಗೆ ಅದರ ಅಗತ್ಯ ಇರಲಿಲ್ಲ. ಕಳಿಸಿದ.

ಆ ಇಬ್ಬರು ಹೋದ ಮೇಲೆ ಮಾಡಲು ಏನೂ ಉಳಿಯಲಿಲ್ಲ. ಕುಡಿಯುವ ನೀರಿನ ಪೀಪಾಯಿ ನಮ್ಮ ಮಗ್ಗುಲಲ್ಲೇ ಇತ್ತು. ದಡ ಕಣ್ಣೆದುರಿಗೆ ಇತ್ತು. ಅಲ್ಲಿ ಯಾರೋ ಮರಳಿನ ಮೇಲೆ ಕೆಂಪು ಸೀರೆ ಒಣಹಾಕಿದ್ದು ಸಹ ಕಾಣುತ್ತಿತ್ತು.

ನಾನು ನನ್ನ ಕೊರಳಿನ ಲಿಂಗ ಬಿಚ್ಚಿದೆ. "ಚಿಗವ್ವ, ಇದನ್ನ ಹಿಡಕೊಂಡು ಪೂಜಿ ಮಾಡು. ನೀರು ಕುಡಿ. ಆಮ್ಯಾಲ ನಂಗ ಕೊಡು."

"ಹುಚ್ಚಿ. ಅದು ನಿನ್ನ ಜೀವ. ಕಡಾ ಕೊಡೂದಲ್ಲ. ಕಟ್ಟಿಕೋ ಮೊದಲ."

ಹಾಲಿನವ್ವ ಬೇರೆ ಉಪಾಯ ಮಾಡಿದಳು. ದೋಣಿಯ ಸಂದಿಗೆ ಮೆತ್ತಲು ಕರಿ ಡಾಂಬರು ಇಟ್ಟಿದ್ದರು. ಒಂದಿಷ್ಟು ಚಿವುಟಿ, ಚೀಲಗಳ ಮರೆಯಲ್ಲಿ ಕೂತು, ಅಂಗೈಯಲ್ಲಿ ಉರುಳಿಸಿ ಲಿಂಗದ ಹಾಗೇ ಮಾಡಿದಳು. ನೋಡಲು ಹಾಗೇ ಇತ್ತು, ಅದೇ ಕಪ್ಪು, ಅದೇ ಗಾತ್ರ. ನೀರಿನಲ್ಲಿ ಅದ್ದಿ ತಂದಳು.

"ಸಿಕ್ತಕ್ಕಾ. ಹಗ್ಗದಾಗ ಸಿಕ್ಕೊಂಡಿತ್ತು ನೋಡು."

ಚಿಗವ್ವ ತೆಗೆದುಕೊಂಡಳು. ಮೂಗಿನ ಹತ್ತಿರ ಹಿಡಿದಳು. ಅವಳ ತುಟಿ ಸೀಳಿದ್ದವು, ಆದರೂ ನಕ್ಕಳು.

"ಇದು ದೋಣಿ ವಾಸನಿ ಹೊಡೀತೈತಿ. ನನ್ನ ದೇವ್ರು ಮೆಣಸಿನಕಾಯಿ ವಾಸನಿ ಹೊಡೀತಿದ್ದ." ತಿರುಗಿ ಕೊಟ್ಟಳು. "ಒಯ್ದು ಸಂದಿಗೆ ಹಚ್ಚು. ಉಪಯೋಗಕ್ಕ ಬರತೈತಿ."

ಹಾಲಿನವ್ವ ಆ ಕಡೆ ತಿರುಗಿ ಕೂತು ಬಿಕ್ಕಿದಳು.

ಮರುದಿನ ಚಿಗವ್ವನಿಗೆ ಏಳಲು ಆಗಲಿಲ್ಲ. ಕಣ್ಣು ಒಳಗೆ ಹೋಗಿತ್ತು. ನಾಲಿಗೆ ದಪ್ಪಗಾಗಿ ಮಾತು ತೊದಲುತ್ತಿತ್ತು. ನಾನು ಸೆರಗು ಒದ್ದೆ ಮಾಡಿ ತುಟಿಗೆ ಹಿಡಿದೆ. ಮುಖ ತಿರುಗಿಸಿದಳು. ಮತ್ತೆ ಹಿಡಿದೆ. ಹಲ್ಲು ಕಚ್ಚಿದಳು. "ಬ್ಯಾಡ ಹುಡುಗಿ. ನಿನ್ನ ಮ್ಯಾಲ ಸಿಟ್ಟು ಮಾಡೂದು ನಂಗ ಬ್ಯಾಡ," ಎಂದಳು. ಹಾಲಿನವ್ವ, ಎಲ್ಲರೂ ಹಿಡಿದು ಬಾಯಿ ತೆರೆಸಿ ಹಾಕೋಣ ಎಂದಳು. ತಾಂಡೇಲನನ್ನು ಕರೆದಳು. ಅವನು ತಲೆಯ ಮೇಲಿನ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು, "ಅವರು ಬ್ಯಾಡ ಹೇಳ್ತ್ರಲ್ಲ ಅಮ್ಮಾ," ಎಂದ. ಯಾರೂ ಅವಳನ್ನು ಮುಟ್ಟಲಿಲ್ಲ. ಚೀಲದ ನೆರಳು ಸರಿದ ಹಾಗೆ ಅವಳನ್ನು ನೆರಳಿಗೆ ಸರಿಸುತ್ತಾ ಹೋದೆವು. ನಾವು ಮಾಡಿದ್ದು ಅದೊಂದೇ.

ಬಿಸಿಲು ನೆತ್ತಿಗೆ ಬಂದಾಗ ಸಣ್ಣ ದೋಣಿ ಕಾಣಿಸಿತು. ಅದರ ನಡುವೆ ಮುದುಕ ಅಯ್ಯನವರು ಎರಡೂ ಕಡೆ ಹಲಗೆ ಹಿಡಿದು ಕೂತಿದ್ದರು. ಅವರಿಗೂ ಸಮುದ್ರ ಹೊಸದು. ಹಗ್ಗ ಕಟ್ಟಿ ಮೇಲೆ ಎಳೆದುಕೊಂಡರು. ಹತ್ತಿದವರೇ ವಾಂತಿ ಮಾಡಿದರು. ಬಾಯಿ ತೊಳೆದು, ಚಿಗವ್ವನ ಹತ್ತಿರ ಕೂತು, "ಬಂದೇನಿ ಯವ್ವಾ, ಬಂದೇನಿ," ಎಂದರು. ಹಣೆಗೆ ವಿಭೂತಿ ಹಚ್ಚಿದರು. ಕಿವಿಯಲ್ಲಿ ಮಂತ್ರ ಹೇಳಿದರು. ಹೊಸ ಲಿಂಗ ಅಂಗೈಯಲ್ಲಿ ಇಟ್ಟರು. ಬೆರಳು ಮಡಚಲು ಅವಳಿಗೆ ಶಕ್ತಿ ಇರಲಿಲ್ಲ, ಒಂದೊಂದೇ ಬೆರಳನ್ನು ಅವರೇ ಮಡಚಿದರು.

ಚಿಗವ್ವ ಕೈಯನ್ನು ಒಂದಿಷ್ಟು ಎತ್ತಿ ಇಳಿಸಿದಳು. "ಹಗುರ ಐತಿ," ಎಂದಳು.

ಅಯ್ಯನವರು ನನ್ನ ಕಡೆ ನೋಡಿ, "ಈಗ ಹಾಕು ನೀರು," ಎಂದರು.

ಹಾಕಿದೆ. ಈ ಸಲ ಅವಳು ಬಾಯಿ ತೆರೆದಳು. ನೀರು ಒಳಗೆ ಹೋಯಿತು, ನಿಂತಿತು, ತುಟಿಯ ಮೂಲೆಯಿಂದ ಹೊರಗೆ ಬಂದು ಕಿವಿಯ ಕಡೆ ಹರಿಯಿತು. ಇನ್ನೊಮ್ಮೆ ಹಾಕಿದೆ. ಅದೂ ಹರಿಯಿತು. ಅವಳು ನನ್ನನ್ನೇ ನೋಡುತ್ತಿದ್ದಳು. ನುಂಗಬೇಕೆಂದು ಗಂಟಲು ಆಡಿಸಲು ನೋಡಿದಳು, ಅದು ಆಡಲಿಲ್ಲ. ಮೂರನೆಯ ಸಲ ಹಾಕುವಾಗ ನೋಟ ಇತ್ತು, ಅವಳು ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಗಾಳಿ ಬಂತು. ಹಾಯಿ ಉಬ್ಬಿತು. ಸಂಜೆಗೆ ಕಾರವಾರ ಮುಟ್ಟಿದೆವು. ನಮ್ಮ ಕಡೆಯವರೊಬ್ಬರ ತೋಟದ ಅಂಚಿನಲ್ಲಿ, ಲಿಂಗ ಕೈಯಲ್ಲಿ ಇದ್ದಂತೆಯೇ ಕೂರಿಸಿ ಮಣ್ಣು ಮಾಡಿದರು. ಅಯ್ಯನವರು, "ಪುಣ್ಯವಂತಿ. ಲಿಂಗ ಹಿಡಕೊಂಡು ಹೋದಳು," ಎಂದರು. ಬ್ಯಾಡಗಿಯಲ್ಲೂ ಮಂದಿ ಅದನ್ನೇ ಹೇಳಿದರು, ಮೆಚ್ಚಿ ಹೇಳಿದರು. ಹೇಳಲಿ. ನೀರು ಹೊರಗೆ ಬಂದದ್ದನ್ನು ಅವರು ನೋಡಿಲ್ಲ.

ಇಷ್ಟು ವರ್ಷ ಯಾರ ಕೈಯನ್ನೂ ನೋಡದೆ ದುಡಿದು ತಿಂದಿದ್ದೇನೆ. ಅವಳು ಮಗ್ಗುಲಲ್ಲಿ ಕೊಟ್ಟ ಆ ಜಾಗದಿಂದ ಅದು ಆಯಿತು. ಅದಕ್ಕೆ ಬದಲಾಗಿ ಅವಳಿಗೆ ಏನಾದರೂ ಕೊಡಬೇಕಾದ ದಿನ ನನಗೆ ಬಂದದ್ದು ಒಂದೇ. ಅವತ್ತು ನನ್ನ ಕೈಯಲ್ಲಿ ನೀರಿತ್ತು. ಕೊಡಲು ಆಗಲಿಲ್ಲ.

ಅವಳನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ, ನಾವು ಇಳಿದುಕೊಂಡಿದ್ದ ಮನೆಯ ಹಿತ್ತಲಿಗೆ ಹೋದೆ. ಬಾವಿಯಿಂದ ಒಂದು ಕೊಡ ಸೇದಿದೆ. ಸ್ನಾನ ಆಗಿರಲಿಲ್ಲ, ವಿಭೂತಿ ಹಚ್ಚಿರಲಿಲ್ಲ, ಪೂಜೆ ಆಗಿರಲಿಲ್ಲ. ಆ ಮನೆಯ ಮುದುಕಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ನೋಡಲಿ ಎಂದುಕೊಂಡು ಕೊಡ ಎತ್ತಿ ಬಾಯಿಗೆ ಹಿಡಿದು ಹೊಟ್ಟೆ ತುಂಬ ನೀರು ಕುಡಿದೆ. ಆಮೇಲೆ ಸ್ನಾನ ಮಾಡಿ, ಲಿಂಗ ಬಿಚ್ಚಿಕೊಂಡು ಪೂಜೆಗೆ ಕೂತೆ.