ಬುಟ್ಟಿ ನಾಚಣಿ, ಒಂದು ಕ್ಯಾಸೆಟ್

ಎಂಬತ್ತರ ದಶಕದ ದಾಂಡೇಲಿಯಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನ ಗಾಯಕನನ್ನು ಅರಿಯದವರು ಇರಲಿಲ್ಲ. ವಾರವೆಲ್ಲ ಕಾಗದದ ಕಾರ್ಖಾನೆಯಲ್ಲಿ ಪಾಳಿ, ರಜೆಯ ದಿನ ಆರ್ಕೆಸ್ಟ್ರಾ. ಬಿಳಿ ಬೆಲ್‌ಬಾಟಮ್ ಪ್ಯಾಂಟು, ಕಪ್ಪು ಕನ್ನಡಕ, ಕಿವಿ ಮುಚ್ಚುವಷ್ಟು ಕೂದಲು. ಗಂಡಿನ ದನಿಯಲ್ಲೂ ಹಾಡುತ್ತಿದ್ದ, ಅದೇ ಹಾಡಿಗೆ ಹೆಣ್ಣಿನ ದನಿಯಲ್ಲಿ ತಾನೇ ಉತ್ತರವನ್ನೂ ಕೊಡುತ್ತಿದ್ದ. ಗಣೇಶಗುಡಿಯಲ್ಲಿ ಅಣೆಕಟ್ಟಿನ ಕೆಲಸದವರು ಅವನ ಹಾಡಿಗೆ ಹೆಲ್ಮೆಟ್ಟು ಬಡಿದು ತಾಳ ಹಾಕುತ್ತಿದ್ದರಂತೆ. ಅನಮೋಡದ ನಾಕಾ ಹತ್ತಿರದ ಚಹಾದಂಗಡಿಯವನಂತೂ ಒಂದು ಹಾಡು ಹಾಡಿಸಿಕೊಳ್ಳದೆ ಅವನನ್ನು ಗೋವಾಕ್ಕೆ ಬಿಡುತ್ತಿರಲಿಲ್ಲ. ನನಗಿಂತ ಎರಡು ವರ್ಷಕ್ಕೆ ಸಣ್ಣವ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದ. ಹೊಸ ಹಾಡೊಂದನ್ನು ಹಿಡಿದರೆ ಬಚ್ಚಲಲ್ಲಿ ಹದಿನೈದು ದಿನ ಅದನ್ನೇ ಉಜ್ಜುವವ. ನಾನು ಗೋಡೆಯ ಈಚೆಯಿಂದ "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ಕೂಗಿದರೆ, ಆಚೆಯಿಂದ ಇನ್ನೂ ಜೋರಾಗಿ ಹಾಡುತ್ತಿದ್ದ.

ಇದು ಊರಿಗೆ ಗೊತ್ತಿದ್ದ ಗಾಯಕ. ಊರಿಗೆ ಗೊತ್ತಿಲ್ಲದ ಇನ್ನೊಬ್ಬ ಅವನೊಳಗೇ ಇದ್ದ. ಅವನು ತನ್ನ ಖರ್ಚಿನಲ್ಲಿ ಬೇರೆಯವರ ಹಾಡುಗಳ ಕ್ಯಾಸೆಟ್ ಮಾಡಿಸುತ್ತಿದ್ದ. ಜೋಯಿಡಾ ಕಡೆಯ ಹೆಣ್ಣುಮಕ್ಕಳ ಕೊಂಕಣಿ ಹಾಡು, ಹಳಿಯಾಳ ಕಡೆಯ ಸಿದ್ದಿಯರ ದಮಾಮಿ ಡೋಲಿನ ಪದ, ಮುಂಡಗೋಡದ ಒಂದು ಭಜನಾ ಮೇಳ. ಹುಬ್ಬಳ್ಳಿಯಿಂದ ರೆಕಾರ್ಡಿಂಗ್ ಮಾಡುವವನನ್ನು ಮಷೀನು ಸಮೇತ ಕರೆಸಿ, ಹಾಡುವವರ ಮನೆಗೇ ಹೋಗಿ, ಕಿವಿಗೆ ಹೆಡ್‌ಫೋನ್ ಏರಿಸಿ ಮೂಲೆಯಲ್ಲಿ ಕೂಡುತ್ತಿದ್ದ. ತಾನು ಮಾತ್ರ ಒಂದು ಸಾಲೂ ಹಾಡುತ್ತಿರಲಿಲ್ಲ. ಆ ಕ್ಯಾಸೆಟ್ಟುಗಳ ಮೇಲೆ ಎಲ್ಲೂ ಅವನ ಹೆಸರಿರಲಿಲ್ಲ.

"ಹೆಸರ ಯಾಕ ಹಾಕ್ಸೂದಿಲ್ಲಪಾ?" ಎಂದು ಒಮ್ಮೆ ಕೇಳಿದೆ.

"ನನ್ನ ಹೆಸರ ನೋಡಿ ತಗೊಂಡು ಹೋಗ್ತಾರ ವೈನಿ. ಮನಿಗೆ ಹೋಗಿ ಹಚ್ಚಿದ್ರ ಒಳಗ ಮುದುಕಿ ಹಾಡ್ತಿರ್ತಾಳ. ಆಮ್ಯಾಲೆ ಮುದುಕಿನ್ನೂ ಬೈತಾರ, ನನ್ನೂ ಬೈತಾರ!"

ನನಗೆ ಆ ಮುದುಕಿಯರ ಮೇಲೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ? ಧಾರವಾಡದಲ್ಲಿ ಎಂಟು ವರ್ಷ ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ಸಂಗೀತ ಕಲಿತವಳು ನಾನು. ಮದುವೆಯಾಗಿ ದಾಂಡೇಲಿಗೆ ಬಂದ ಮೇಲೆ ಆ ಪೇಟಿ ಕಪಾಟಿನ ಮೇಲೆ ಏರಿ ಕುಳಿತಿತ್ತು, ಅದರ ಮೇಲೆ ಹಾಸಿಗೆಯ ಸುರುಳಿ. ಒಂದೇ ಒಂದು ಕ್ಯಾಸೆಟ್ಟಿನಲ್ಲಿ ನನ್ನ ದನಿ ಬರಬೇಕು, ಅದನ್ನು ನಾಲ್ಕು ಮಂದಿ ಕೇಳಬೇಕು. ಇಷ್ಟೇ ನನ್ನ ಆಸೆ. ಹೀಗಿರುವಾಗ ಅವನು ಒಂದು ದಿನ ಕಟ್ಟೆಗೆ ಬಂದು ಕೂತು, "ವೈನಿ, ಈ ಸರ್ತಿ ಬೀಸೂ ಪದ ಮಾಡೂಣು ಅಂತೇನಿ. ನಿಮ್ಮ ಅವ್ವಾರಿಗೆ ಭಾಳ ಬರ್ತಾವಂತಲ್ಲ?" ಎಂದ.

ಅವ್ವಾರು ಅಂದರೆ ನಮ್ಮತ್ತೆ. ಬೆಳಗಾವಿ ಕಡೆಯ ಹಳ್ಳಿಯವರು. ನಾನು ತಡಮಾಡಲಿಲ್ಲ. "ಅವರು ಪದ ಹೇಳ್ಲಿ, ನಾ ಬರಕೊಂಡು ರಾಗಕ್ಕ ಕೂಡಿಸಿ ಹಾಡ್ತೇನಿ" ಅಂದೆ. ಅವನು ತಲೆ ಕೆರೆದುಕೊಂಡು "ನೋಡೂಣು" ಅಂದ. ನನಗೆ ಅದು "ಹೂಂ" ಎಂದೇ ಕೇಳಿಸಿತು. ಮರುದಿನ ನಳದ ಹತ್ತಿರ ಕೊಡ ಹಿಡಿದು ನಿಂತವರಿಗೆಲ್ಲ ನನ್ನ ಕ್ಯಾಸೆಟ್ಟು ಬರುತ್ತದೆಂದು ಹೇಳಿದೆ, ಹಾಲಿನವನಿಗೂ ಹೇಳಿದೆ. ಧಾರವಾಡದ ತವರಿಗೆ ಎರಡು ಪುಟದ ಕಾಗದ ಬರೆದೆ.

ಹೇಳದೆ ಇದ್ದದ್ದು ಅತ್ತೆಗೆ ಒಬ್ಬರಿಗೇ. ಅವರೆದುರು ನನ್ನ ಬಾಯಿ ಏಳುತ್ತಿರಲಿಲ್ಲ. ಹಾಗಂತ ಅವರು ಬೈಯುವವರಲ್ಲ, ಬೈದಿದ್ದರೆ ಜಗಳವಾದರೂ ಆಗುತ್ತಿತ್ತು. ರೊಟ್ಟಿ ದಪ್ಪ ಆದರೆ "ದಪ್ಪ ಆಗೇತಿ" ಅನ್ನುವರು, ತೆಳ್ಳಗಾದರೆ "ತೆಳ್ಳಗ ಆಗೇತಿ" ಅನ್ನುವರು, ಸರಿಯಾಗಿದ್ದ ದಿನ ಸುಮ್ಮನೆ ಉಂಡು ಏಳುವರು. ನಾನು ಆ ಮನೆಗೆ ಬಂದು ಮೂರು ವರ್ಷವಾಗಿತ್ತು. ಅಷ್ಟರಲ್ಲಿ ಒಂದು ದಿನವೂ "ಚಲೋ ಮಾಡಿದಿ" ಎನ್ನುವ ಮಾತು ಅವರ ಬಾಯಿಂದ ಬಂದಿರಲಿಲ್ಲ. ಕರೆಯುವುದಾದರೂ ಹೇಗೆ? "ಏ ಧಾರವಾಡದಾಕಿ!"

ಕೊನೆಗೆ ಗಾಯಕನೇ ಅವರನ್ನು ಕೇಳಿದ. ಅತ್ತೆ ನಕ್ಕುಬಿಟ್ಟರು. "ಬರೇ ಬಾಯಿಲೆ ಪದ ಬರೂದಿಲ್ಲಪಾ. ಕಲ್ಲಿನ ಗೂಟ ಕೈಯಾಗ ಬಂದ್ರ ತಾವ ಬರ್ತಾವು. ಕ್ವಾಟ್ರಸ್‌ನ್ಯಾಗ ಕಲ್ಲ ಎಲ್ಲೈತಿ?" ಅದು ನಿಜ. ನಮ್ಮ ಸಾಲಿನ ಯಾವ ಮನೆಯಲ್ಲೂ ಬೀಸುವ ಕಲ್ಲಿರಲಿಲ್ಲ. ಹಿಟ್ಟೆಂದರೆ ಗಿರಣಿಯ ಹಿಟ್ಟು. ಇದ್ದರೂ ಕಾರ್ಖಾನೆಯ ಭೋಂಗಾ ಗಳಿಗೆಗೊಮ್ಮೆ ಕೂಗುವ ಜಾಗದಲ್ಲಿ ರೆಕಾರ್ಡಿಂಗ್ ಆಗುವಂತಿರಲಿಲ್ಲ.

ಹೀಗಾಗಿ ಒಂದು ಭಾನುವಾರ ಬೆಳಿಗ್ಗೆ ನಾವೆಲ್ಲ ಕಾಳಿ ನದಿಯ ದಂಡೆಯ ಕೋಗಿಲಬನಕ್ಕೆ ಹೋದೆವು. ಅಲ್ಲಿ ಗಾಯಕನಿಗೆ ಪರಿಚಯದ ಸಿದ್ದಿ ಹೆಂಗಸೊಬ್ಬಳಿದ್ದಳು. ಅವಳ ಅಣ್ಣಂದಿರ ದಮಾಮಿ ಪದಗಳನ್ನು ಕ್ಯಾಸೆಟ್ ಮಾಡಿಸಿದ್ದು ಇವನೇ. ಅವಳ ಪಡಸಾಲೆಯಲ್ಲಿ ದೊಡ್ಡದೊಂದು ಬೀಸುವ ಕಲ್ಲಿತ್ತು. ಹುಬ್ಬಳ್ಳಿಯವನು ಮಷೀನು ಹೂಡಿದ. ನಾನು ಇಳಕಲ್ ಸೀರೆ ಉಟ್ಟು, ಪೇಟಿಯ ಧೂಳು ಒರೆಸಿ, ಮೈಕಿನ ಮುಂದೆ ಪದ್ಮಾಸನ ಹಾಕಿ ಕೂತೆ. ಅತ್ತೆ ಅಲ್ಲಲ್ಲಿ ಗುನುಗಿದ್ದನ್ನು ಕದ್ದು ಬರೆದುಕೊಂಡ ಐದಾರು ಪದ ನನ್ನ ಹತ್ತಿರ ಇದ್ದವು. ಅವನ್ನೇ ಹಾಡಿದೆ. ಆಲಾಪ ಸೇರಿಸಿದೆ, ತಾನಗಳನ್ನು ಸೇರಿಸಿದೆ. ಕಲಿತದ್ದು ಒಂದನ್ನೂ ಉಳಿಸಲಿಲ್ಲ.

"ಚಲೋ ಐತಿ ವೈನಿ" ಎಂದ ಗಾಯಕ. ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಬಿದ್ದಿದೆ ಎಂದು ಹೇಳಲಾರದವರ ಮುಖ. ಆ ಟೇಪನ್ನು ಹಿಂದಕ್ಕೆ ತಿರುಗಿಸಿ, ಹೆಡ್‌ಫೋನನ್ನು ಅತ್ತೆಯ ತಲೆಗೆ ಏರಿಸಿದ. ಅತ್ತೆ ಸೆರಗಿನ ಮೇಲೆಯೇ ಅದನ್ನು ಇರಿಸಿಕೊಂಡು ಕಣ್ಣು ಮುಚ್ಚಿ ಕೇಳಿದರು.

"ಈಕಿ ಯಾರಿಗೋ ಅಂಜಿ ಹಾಡಾಕತ್ತಾಳ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಅಂಜುವುದೇ? ನಾನೇ? ಆದರೆ ಏನೂ ಅನ್ನಲಿಲ್ಲ, ಅನ್ನುವುದಕ್ಕೆ ಅಂಜಿಕೆಯಿತ್ತು.

"ಹಂಗಾದ್ರ ಅವ್ವಾರ, ನೀವ ಕುಂದರ್ರಿ" ಎಂದ ಗಾಯಕ. ಕಲ್ಲಿನ ಸದ್ದು ಎಷ್ಟು ಬರುತ್ತದೆಂದು ನೋಡಲು ಗೂಟ ಹಿಡಿದು ಎರಡು ಸುತ್ತು ಗರಗರ ತಿರುಗಿಸಿದ. ಅತ್ತೆಯೂ ಆ ಮನೆಯಾಕೆಯೂ ಒಟ್ಟಿಗೇ ಚೀರಿದರು. ಖಾಲಿ ಕಲ್ಲನ್ನು ತಿರುಗಿಸಿದ್ದ! ಬರಿಗಲ್ಲು ತಿರುಗಿದ ಮನೆಯಲ್ಲಿ ಹಿಟ್ಟು ನಿಲ್ಲುವುದಿಲ್ಲವೆಂದು ಇಬ್ಬರೂ ನಂಬಿದವರು. "ಇಷ್ಟ ದೊಡ್ಡಾಂವ ಆಗಿ, ಅಷ್ಟೂ ತಿಳಿಯೂದಿಲ್ಲೇನ?" ಎಂದು ಅತ್ತೆ ಎದ್ದೇಬಿಟ್ಟರು. ನಾಲ್ಕು ತಾಲೂಕು ಕುಣಿಸುವ ಗಾಯಕ ಕಲ್ಲಿಗೆ ಎರಡೂ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ, ಆಮೇಲೆ ಮನೆಯಾಕೆಯ ಕಾಲಿಗೂ ಬಗ್ಗಿದ. ಆಗ ಎಲ್ಲರಿಗೂ ಹೊಳೆಯಿತು. ಮಷೀನು ತಂದಿದ್ದೆವು, ವಾಯರು ತಂದಿದ್ದೆವು, ಪೇಟಿ ತಂದಿದ್ದೆವು, ಬುತ್ತಿಯನ್ನೂ ತಂದಿದ್ದೆವು. ಬೀಸುವ ಪದದ ರೆಕಾರ್ಡಿಂಗಿಗೆ ಹೊರಟ ಜಾಣರಲ್ಲಿ ಒಬ್ಬರೂ ಒಂದು ಹಿಡಿ ಕಾಳು ತಂದಿರಲಿಲ್ಲ.

ಮನೆಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗಿನಿಂದ ಒಂದು ಬುಟ್ಟಿ ನಾಚಣಿ ತಂದಿಟ್ಟಳು. ರಾಗಿಗೆ ನಮ್ಮ ಕಡೆ ಹಾಗನ್ನುತ್ತಾರೆ. "ನಿಮ್ಮ ಹಾಡೂ ಆತು, ನಮ್ಮ ಹಿಟ್ಟೂ ಆತು" ಎಂದು ತಾನೇ ಅತ್ತೆಯ ಎದುರು ಗೂಟಕ್ಕೆ ಕೈ ಹಚ್ಚಿದಳು. ಬೀಸುವ ಪದಕ್ಕೆ ಇಬ್ಬರು ಬೇಕು. ಒಬ್ಬಳು ಮುಂದೆ ಹೇಳುತ್ತಾಳೆ, ಎದುರಿನವಳು ಅದನ್ನು ಎತ್ತಿ ತಿರುಗಿ ಹೇಳುತ್ತಾಳೆ. ಅವಳ ಕೈ ಚೆನ್ನಾಗಿ ಓಡಿತು, ಬಾಯಿ ಓಡಲಿಲ್ಲ. "ನಮ್ಮವು ಕೊಂಕಣಿ ಪದಾ ಅವ್ವಾರ, ಇವು ನನಗ ಬರೂದಿಲ್ಲ" ಎಂದು ಎದ್ದಳು. ಗಾಯಕ ನನ್ನ ಕಡೆ ತಿರುಗಿದ.

"ವೈನಿ, ಪೇಟಿ ಬದಿಗಿಟ್ಟು ಇಲ್ಲಿ ಬರ್ರಿ."

ಎಂಟು ವರ್ಷದ ಸಂಗೀತವನ್ನು ಬದಿಗಿಟ್ಟು ಕಲ್ಲಿನ ಮುಂದೆ ಕಾಲು ಚಾಚಿ ಕೂತೆ. ಒಂದೇ ಗೂಟ, ಕೆಳಗೆ ನನ್ನ ಕೈ, ಮೇಲೆ ಅತ್ತೆಯ ಕೈ. ಮೂರು ವರ್ಷ ಒಂದೇ ಮನೆಯಲ್ಲಿದ್ದು ನಾವು ಹಾಗೆ ಕೈ ತಾಗಿಸಿ ಕೂತದ್ದು ಅದೇ ಮೊದಲು. ಅವರು ಎಳೆದಾಗ ನಾನು ಬಿಡಬೇಕು, ನಾನು ಎಳೆದಾಗ ಅವರು ಬಿಡಬೇಕು. ನಾನು ಎಲ್ಲಿಯೂ ಬಿಡಲಿಲ್ಲ. ಪದ ಮುಗ್ಗರಿಸಿತು, ಹಿಟ್ಟು ತರಿತರಿಯಾಗಿ ಬಿತ್ತು. "ಈ ಕಲ್ಲ ಒಂದೀಟು ಸೊಟ್ಟ ಐತಿ" ಅಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಂಗೈ ಕೆಂಪಾಯಿತು, ಹಣೆಯ ಬೊಟ್ಟು ಬೆವರಿಗೆ ಇಳಿಯಿತು. ಅರ್ಧ ಬುಟ್ಟಿ ಮುಗಿಯುವ ಹೊತ್ತಿಗೆ ತೋಳು ಎಷ್ಟು ಸೋತಿತೆಂದರೆ ನಾನು ರಾಗ ನೋಡುವುದನ್ನೇ ಬಿಟ್ಟಿದ್ದೆ. ಮೈಕು ಇರುವುದು ಅತ್ತೆಗೂ ಮರೆತಿತ್ತೋ ಏನೋ. ಒಂದು ಪದ ಮುಗಿಸಿ, ನನ್ನ ಮುಖವನ್ನೇ ನೋಡುತ್ತ, ಕೈ ನಿಲ್ಲಿಸದೆ ಆ ಕ್ಷಣಕ್ಕೆ ಕಟ್ಟಿ ಹೇಳಿದರು:

ಧಾರವಾಡದ ಸೊಸಿ ಪೇಟಿ ತುಂಬ ರಾಗ ತಂದಾಳ,
ಹಿಟ್ಟಿನ ಡಬ್ಬಿ ಬರಿದೈತಿ, ಕೇಳವ್ವ,
ರಾಗದ್ದ ರೊಟ್ಟಿ ಬಡದಾಳ!

ಇದನ್ನು ನಾನೇ ಎತ್ತಿ ತಿರುಗಿ ಹೇಳಬೇಕು! ನನ್ನ ಬಾಯಿಂದ ನನಗೇ ಬೈಸಿಕೊಳ್ಳಬೇಕು! ಮೂಗಿನ ತುದಿಯ ಸಿಟ್ಟು ನೆತ್ತಿಗೇರಿತು. ಮೂರು ವರ್ಷ ನುಂಗಿಕೊಂಡದ್ದೆಲ್ಲ ಗಂಟಲಿಗೆ ಬಂತು. ಗೂಟ ಹಿಡಿದು ಜೋರಾಗಿ ಒಂದು ಸುತ್ತು ಎಳೆದು, ಬಾಯಿಗೆ ಬಂದದ್ದನ್ನು ಹೇಳಿಯೇಬಿಟ್ಟೆ:

ರೊಟ್ಟಿ ಬಡಿಯಾಕ ಕೈ ಐತಿ, ಹಾಡಾಕ ಬಾಯಿ ಐತಿ,
ಸೊಸಿಯ ಹೊಗಳೂ ಒಂದ ಮಾತ, ಕೇಳವ್ವ,
ಅತ್ತಿ ಯಾವ ಗಡಿಗ್ಯಾಗ ಮುಚ್ಯಾಳ!

ಕಲ್ಲು ಒಂದು ಗಳಿಗೆ ತಡೆಯಿತು. ಆಮೇಲೆ ಅತ್ತೆ ನಕ್ಕರು. ಸೆರಗು ಬಾಯಿಗೆ ಒತ್ತಿದರೂ ನಿಲ್ಲದ ನಗು. ನಗುತ್ತಲೇ ನನ್ನ ಪದವನ್ನು ಎತ್ತಿ ತಿರುಗಿ ಹೇಳಿದರು, ಇನ್ನೊಂದನ್ನು ಕಟ್ಟಿ ನನ್ನ ಮೇಲೆ ಎಸೆದರು, ನಾನು ಮತ್ತೊಂದು ಎಸೆದೆ. ಮನೆಯಾಕೆ ಕಂಬ ಹಿಡಿದು ನಗುತ್ತಿದ್ದಳು. ಹುಬ್ಬಳ್ಳಿಯವನು ಗಾಬರಿಯಾಗಿ ಮಷೀನು ನಿಲ್ಲಿಸಲು ಕೈ ಚಾಚಿದ. ಗಾಯಕ ಅವನ ಮಣಿಕಟ್ಟು ಹಿಡಿದು ಕೂತ. ಬುಟ್ಟಿ ಬರಿದಾಗುವವರೆಗೂ ಬಿಡಲಿಲ್ಲ.

ಮಧ್ಯಾಹ್ನ ಆ ಹಿಟ್ಟಿನದೇ ಬಿಸಿ ರೊಟ್ಟಿ ತಿನ್ನುವಾಗ ನನಗೆ ಅಂಜಿಕೆ ಶುರುವಾಯಿತು. ಅತ್ತೆಗೆ ಅಂದದ್ದು ಕ್ಯಾಸೆಟ್ಟಿನಲ್ಲಿ ಊರೂರು ತಿರುಗುತ್ತದಲ್ಲ! ಗಾಯಕನನ್ನು ಬದಿಗೆ ಕರೆದು "ಅದೊಂದ ತಗದುಬಿಡಪಾ, ನಿನಗ ಕೈ ಮುಗೀತೇನಿ" ಅಂದೆ.

"ಅದನ್ನ ತಗದ್ರ ಉಳಿಯೂದು ಬರೇ ಹಿಟ್ಟ ವೈನಿ" ಎಂದ. ಆದರೂ ಅತ್ತೆಯನ್ನು ಕೇಳಿದ. ಅವರು ಕೈ ತೊಳೆಯುತ್ತ "ಇರ್ಲಿ ಬಿಡು" ಅಂದರು. ಅಷ್ಟೇ. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಮುಂದೆ ಎರಡು ತಿಂಗಳು ಅವರು ಆ ಮಾತು ಎತ್ತಲಿಲ್ಲ. ರೊಟ್ಟಿ ದಪ್ಪ ಆಗೇತಿ, ತೆಳ್ಳಗ ಆಗೇತಿ, ಅದೇ ನಡೆಯಿತು. ಈಗ ನನಗೆ ನಾಲ್ಕು ಮಂದಿ ಕೇಳುವುದು ಬೇಡವಾಗಿತ್ತು. ಈ ಒಬ್ಬರು ಏನು ಅಂದುಕೊಂಡಿದ್ದಾರೆಂದು ತಿಳಿದರೆ ಸಾಕಾಗಿತ್ತು.

ಕ್ಯಾಸೆಟ್ಟು ಬಂತು. ಮೇಲೆ "ಅತ್ತೆ ಸೊಸೆಯರ ಬೀಸುವ ಪದಗಳು" ಎಂದಷ್ಟೇ ಇತ್ತು. ನನ್ನ ಹೆಸರಿಲ್ಲ, ಅತ್ತೆಯದಿಲ್ಲ, ಗಾಯಕನದಂತೂ ಇಲ್ಲವೇ ಇಲ್ಲ. ಒಂದು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಕ್ವಾರ್ಟರ್ಸಿನ ಹೆಂಗಸರೆಲ್ಲ ಬಂದು ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಇನ್ನೊಮ್ಮೆ ಹಚ್ಚೆಂದರು. ಅತ್ತೆ ಮಾತ್ರ ಅಷ್ಟು ಹೊತ್ತೂ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದರು.

ಆ ಬೇಸಿಗೆಯಲ್ಲಿ ಮುಂಡಗೋಡದಲ್ಲಿ ನೆಂಟರ ಮದುವೆ. ಹಳಿಯಾಳದಿಂದ ಗಂಡಿನ ಕಡೆಯವರ ಮೆಟಡಾರ್ ಹೊರಟಿತ್ತು. ಅದರಲ್ಲಿ ನಾನು, ಅತ್ತೆ, ಉಳಿದವರೆಲ್ಲ ನಮಗೆ ಪರಿಚಯವಿಲ್ಲದವರು. ಊರು ದಾಟುತ್ತಲೇ ಡ್ರೈವರ್ ಕ್ಯಾಸೆಟ್ಟು ತುರುಕಿದ. ಕಲ್ಲಿನ ಗರಗರ ಕೇಳಿದಾಗ ನನಗೆ ಸೀಟಿನ ಕೆಳಗೆ ಹೋಗಿ ಕೂಡಬೇಕೆನ್ನಿಸಿತು. ಮೆಟಡಾರಿನ ಹೆಂಗಸರೆಲ್ಲ ಮಾತು ಬಿಟ್ಟು ಕೇಳತೊಡಗಿದರು. ಅತ್ತೆಯ ಪದಕ್ಕೆ ನಕ್ಕರು. ನನ್ನ ಪದಕ್ಕೆ ಮೆಟಡಾರ್ ಕುಲುಕುವ ಹಾಗೆ ನಕ್ಕರು. ಅತ್ತೆಯ ಆ ಬದಿಗೆ ಕೂತಿದ್ದ, ಮೂಗಿನಲ್ಲಿ ದೊಡ್ಡ ನತ್ತಿದ್ದ ಮುದುಕಿಯೊಬ್ಬಳು ಅವರ ತೊಡೆ ತಟ್ಟಿ ಹೇಳಿದಳು:

"ಅತ್ತಿ ಸೊಸಿ ಅಂತ ಬರದಾರ ನೋಡ್ರಿ, ಎಲ್ಲಾ ಖೊಟ್ಟಿ! ಸೊಸಿ ಆದಾಕಿ ಅತ್ತಿಗೆ ಹಿಂಗ ಅಂತಾಳೇನ್ರಿ? ಅಂದ್ರ ಅತ್ತಿ ಹಿಂಗ ನಗ್ತಾಳೇನ್ರಿ? ಹಿಂದ ಎತ್ತಾಕಿ ಆಕಿ ಹೊಟ್ಟ್ಯಾಗ ಹುಟ್ಟಿದ ಮಗಳ ಇರಬೇಕು."

ಅತ್ತೆ ಕಿಡಕಿಯ ಹೊರಗೆ ನೋಡುತ್ತಿದ್ದರು. ತಿರುಗಲಿಲ್ಲ, ನನ್ನ ಕಡೆ ಕಣ್ಣನ್ನೂ ಹಾಯಿಸಲಿಲ್ಲ.

"ಹೌದ್ರಿ, ಮಗಳ" ಎಂದರು. "ನನಗ ಗೊತ್ತೈತಿ ಆಕಿ. ಭಾಳ ಚಲೋ ಹಾಡ್ತಾಳ."